ಕಾಡುಕುರಿಯ ಹಿಕ್ಕೆಯಲ್ಲಿ ಜಂತಿನ ಮೊಟ್ಟೆ ಎಣಿಸುವ ಬಗೆ
ಆವರಣದಲ್ಲಿ ಸಾಕಿದ ಅಳಿವಿನಂಚಿನ ಕಾಡುಕುರಿಗಳು ಕಾಯಿಲೆಯನ್ನು ಕೊನೆತನಕ ತೋರಗೊಡುವುದಿಲ್ಲ. ದವಡೆಯ ಕೆಳಗೆ ನೀರು ತುಂಬಿ ಜೋತುಬೀಳುವ ಹೊತ್ತಿಗೆ ರಕ್ತ ಹೀರುವ ಹಿಮೋಂಕಸ್ ಹುಳು ಕುರಿಯನ್ನು ಸಾವಿನ ಹತ್ತಿರ ತಂದಿರುತ್ತದೆ. ಹಾಗಾಗಿ ಮೊದಲೇ ಹಿಕ್ಕೆ ನೋಡಬೇಕು.

ಯಾವ ಕುರಿಯದೆಂದು ಗುರುತಿಟ್ಟು ಹಸಿ ಹಿಕ್ಕೆಯನ್ನೇ ಆಯ್ದುಕೊಳ್ಳಿ. ಆ ದಿನವೇ ನೋಡಲಾಗದಿದ್ದರೆ ಗಾಳಿ ತೆಗೆದ ಚೀಲದಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಬೆಚ್ಚಗಿದ್ದರೆ ಮೊಟ್ಟೆಯೊಡೆದು ಲೆಕ್ಕ ತಪ್ಪುತ್ತದೆ. 4 ಗ್ರಾಂ ಹಿಕ್ಕೆಯನ್ನು 56 ಮಿ.ಲೀ. ಉಪ್ಪುನೀರಿನಲ್ಲಿ (ಇನ್ನು ಕರಗದಷ್ಟು ಉಪ್ಪು ಹಾಕಿದ್ದು) ಕಿವುಚಿ ಸೋಸಿ. ಕಲಕುತ್ತಲೇ ಪಿಪೆಟ್‌ನಲ್ಲಿ ಹೀರಿ. ಕೈ ನಿಲ್ಲಿಸಿದರೆ ಮೊಟ್ಟೆಗಳೆಲ್ಲ ಮೇಲಕ್ಕೇರಿಬಿಡುತ್ತವೆ. ಮ್ಯಾಕ್‌ಮಾಸ್ಟರ್ ಸ್ಲೈಡಿನ (ಮೊಟ್ಟೆ ಎಣಿಸಲೆಂದು ಗೆರೆ ಎಳೆದ, ಎರಡು ಕೋಣೆಗಳ ಗಾಜಿನ ಪಟ್ಟಿ) ಎರಡೂ ಕೋಣೆ ತುಂಬಿಸಿ, ಗುಳ್ಳೆಯಿದ್ದರೆ ಮತ್ತೆ ತುಂಬಿಸಿ. 5 ನಿಮಿಷ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಗೆರೆಯೊಳಗಿನ ಮೊಟ್ಟೆಗಳನ್ನು ಎಣಿಸಿ. ಎರಡರ ಮೊತ್ತವನ್ನು 50ರಿಂದ ಗುಣಿಸಿದರೆ ಪ್ರತಿ ಗ್ರಾಂಗೆ ಎಷ್ಟೆಂದು ತಿಳಿಯುತ್ತದೆ.

ಶ್ವಾಸಕೋಶದ ಹುಳುವಿನ ಮರಿಗಳಿಗೆ ಇದು ಸಾಲದು, ಬೇರ್ಮನ್ ವಿಧಾನ (ಹಿಕ್ಕೆಯನ್ನು ನೀರಿನಲ್ಲಿ ನೆನೆಯಿಟ್ಟು, ಹೊರಬಂದು ಕೆಳಗಿಳಿಯುವ ಮರಿಗಳನ್ನು ಹಿಡಿಯುವುದು) ಬೇಕು.

ಔಷಧ ಕೊಡುವಾಗ ತೂಕವನ್ನು ಕಣ್ಣಂದಾಜಿಗೆ ಬಿಡಬೇಡಿ. ಪ್ರಮಾಣ ಕಡಿಮೆಯಾದರೆ ಔಷಧಕ್ಕೆ ಬಗ್ಗದ ಹುಳುಗಳೇ ಉಳಿದು ಹೆಚ್ಚುತ್ತವೆ. 14ನೇ ದಿನ ಮತ್ತೆ ಎಣಿಸಿ, ಇಳಿಕೆ ಶೇ. 95ಕ್ಕಿಂತ ಕಡಿಮೆಯಿದ್ದರೆ ಔಷಧ ನಾಟುತ್ತಿಲ್ಲವೆಂದು ಶಂಕಿಸಿ ಪಶುವೈದ್ಯರಿಗೆ ತಿಳಿಸಿ. ಕುರಿ ಸತ್ತರೆ ತಡಮಾಡದೆ ಮರಣೋತ್ತರ ಪರೀಕ್ಷೆ ಮಾಡಿಸಿ, ನಾಲ್ಕನೇ ಹೊಟ್ಟೆಯಲ್ಲಿ ಕೆಂಪು-ಬಿಳಿ ಸುರುಳಿಯ ಹೆಣ್ಣುಹುಳುಗಳಿವೆಯೇ ನೋಡಿಸಿ.