ತಂಡ ಸೋತ ದಿನವೂ ರೊಟ್ಟಿ ಹರಿಯದಂತೆ ನೋಡಿಕೊಳ್ಳುವುದು ಹೇಗೆ

ನನ್ನ ತಂಡ 2024ರಲ್ಲಿ 162 ಪಂದ್ಯ ಆಡಿ 121 ಸೋತಿತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 1900ರಿಂದ ಈಚೆಗೆ ಒಂದೇ ಸೀಸನ್ನಿನಲ್ಲಿ ಇಷ್ಟು ಸೋತವರು ಬೇರೆ ಯಾರೂ ಇಲ್ಲ. ತಂಡದ ಹೆಸರು ಶಿಕಾಗೊ ವೈಟ್ ಸಾಕ್ಸ್. ನಾನಿರುವುದು ಹಳೇ ಹುಬ್ಬಳ್ಳಿಯಲ್ಲಿ, ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಎತ್ತಣ ಶಿಕಾಗೊ, ಎತ್ತಣ ರೊಟ್ಟಿ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಬಾಣಂತನ.

2023ರಲ್ಲಿ ಮಗಳ ಬಾಣಂತನಕ್ಕೆ ಆರು ತಿಂಗಳು ಶಿಕಾಗೊದಲ್ಲಿದ್ದೆ. ಕೂಸು ರಾತ್ರಿ ಮಲಗುತ್ತಿರಲಿಲ್ಲ. ಮಗಳಾದರೂ ನಿದ್ದೆ ಮಾಡಲಿ ಅಂತ ಅದನ್ನು ಕಾಲ ಮೇಲೆ ಹಾಕಿಕೊಂಡು ನಾನು ಹೊರಗಿನ ಹಾಲ್‌ನಲ್ಲಿ ಕೂರುತ್ತಿದ್ದೆ. ಪಕ್ಕದಲ್ಲಿ ಅಳಿಯ, ಎದುರಿಗೆ ಧ್ವನಿ ಸಣ್ಣ ಮಾಡಿದ ಟಿವಿ. ಅಳಿಯ ಗದಗಿನವರು, ಆದರೆ ಈ ತಂಡದ ವಿಷಯದಲ್ಲಿ ಪೂರ್ತಿ ಶಿಕಾಗೊದವರು. ಆ ವರ್ಷ ತಂಡ 101 ಸೋತಿತು. "ಮುಂದಿನ ವರ್ಷ ಸುಧಾರಸ್ತಾರ್ರೀ ಅತ್ತಿ" ಅಂದರು. ನಾನು ನಂಬಿದೆ. ಆರ್‌ಸಿಬಿ ಅಭಿಮಾನಿಯ ಹೆಂಡತಿಗೆ ಅಷ್ಟೂ ಬುದ್ಧಿ ಬೇಡವಾ?

ಈಗ ತಂಗಿಯ ಮಗ ಧಾರವಾಡದಿಂದ ಫೋನ್ ಮಾಡುತ್ತಾನೆ. ನನ್ನನ್ನು ನೋಡಿ ಅವನೂ ಬೇಸ್‌ಬಾಲ್ ಹಿಡಿದ. ಟೋಪಿಯ ನೇರಳೆ ಬಣ್ಣ ಚೆಂದ ಇದೆ ಅಂತ ಕೊಲೊರಾಡೊ ರಾಕೀಸ್ ತಂಡ ಆರಿಸಿಕೊಂಡ. ಅವರು 2025ರಲ್ಲಿ 119 ಸೋತರು. ಅದರಲ್ಲಿ ಒಂದು 21-0. "ದೊಡ್ಡವ್ವಾ, ನೀ ಹೆಂಗ ತಡಕೊಂಡಿ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸೋಲುವ ತಂಡ ಯಾವುದಾದರೂ ಸರಿ, ಮುಕ್ಕಾಲು ಪಾಲು ಹೊಂದುತ್ತೆ.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ

ಸೀಸನ್ ನಡೆಯುವ ತಿಂಗಳುಗಳಲ್ಲಿ ಶಿಕಾಗೊ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಏಳಕ್ಕೆ ಶುರುವಾದ ಪಂದ್ಯ ನಮಗೆ ಬೆಳಗಿನ ಐದೂವರೆಗೆ ಬರುತ್ತೆ. ನನಗೆ ಅದು ಹೇಳಿ ಮಾಡಿಸಿದ ಹೊತ್ತು. ನೀರು ಕಾಯಿಸಿ, ಹಿಟ್ಟು ನಾದಿ, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟರೆ ಆಯಿತು. ತಂಡ ಪಶ್ಚಿಮ ಕರಾವಳಿಯ ಊರುಗಳಿಗೆ ಹೋದಾಗ ಏಳೂವರೆಗೆ ಶುರು. ಶಿಕಾಗೊದಲ್ಲೇ ಮಧ್ಯಾಹ್ನ ಒಂದಕ್ಕೆ ಆಡಿದರೆ ನಮಗೆ ರಾತ್ರಿ ಹನ್ನೊಂದೂವರೆ. ಅದನ್ನು ನೋಡಲೇಬೇಡಿ. ಗೆಲ್ಲುವ ತಂಡಕ್ಕಾದರೆ ನಿದ್ದೆ ಕೆಡಿಸಿಕೊಳ್ಳಬಹುದು. ನಮ್ಮದಕ್ಕೆ ನಿದ್ದೆಯೂ ಹೋಯಿತು, ಪಂದ್ಯವೂ ಹೋಯಿತು ಅಂತಾಗುತ್ತೆ.

2023ರಿಂದ ಚೆಂಡು ಎಸೆಯುವವನಿಗೆ ಗಡಿಯಾರ ಇಟ್ಟಿದ್ದಾರೆ. ಹಾಗಾಗಿ ಪಂದ್ಯ ಈಗ ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತೆ. ಅಷ್ಟರಲ್ಲಿ ನಾವು ಮೂರು ಜನ ಸೇರಿ ಇನ್ನೂರು ರೊಟ್ಟಿ ಮುಗಿಸುತ್ತೇವೆ.

ಸಂಪ್ರದಾಯಸ್ಥ ಅಭಿಮಾನಿಗಳು ಬೈಯುತ್ತಾರೆ, ಆದರೂ ಹೇಳುತ್ತೇನೆ: ಎಲ್ಲಾ ಪಂದ್ಯ ನೋಡಬೇಡಿ. ಆರು ತಿಂಗಳು, ಹೆಚ್ಚು ಕಡಿಮೆ ದಿನಾಲೂ ಒಂದು ಪಂದ್ಯ ಇರುತ್ತೆ. ನಾನು ವಾರಕ್ಕೆ ಮೂರೇ ನೋಡುತ್ತೇನೆ. ಉಳಿದದ್ದರ ತುಣುಕು ಮಧ್ಯಾಹ್ನ ಊಟವಾದ ಮೇಲೆ ಯೂಟ್ಯೂಬಿನಲ್ಲಿ.

ಐಪಿಎಲ್ ಲೆಕ್ಕ ಹಾಕಬೇಡಿ

ಐಪಿಎಲ್‌ನಲ್ಲಿ ಲೀಗ್ ಹಂತಕ್ಕೆ 14 ಪಂದ್ಯ. ಒಂದು ಸೋತರೂ ನಮ್ಮ ಯಜಮಾನರು ರಾತ್ರಿ ಊಟ ಬಿಡುತ್ತಾರೆ. ಅದೇ ಅಭ್ಯಾಸ ಇಲ್ಲಿಗೂ ತಂದರೆ ನೀವು ಏಪ್ರಿಲ್ ಮುಗಿಯುವುದರೊಳಗೆ ಒಣಗಿ ಹೋಗುತ್ತೀರಿ. ಬೇಸ್‌ಬಾಲ್‌ನಲ್ಲಿ ಭಾರೀ ತಂಡ ಅನ್ನಿಸಿಕೊಂಡವರೂ ವರ್ಷಕ್ಕೆ ಅರವತ್ತರ ಹತ್ತಿರ ಸೋಲುತ್ತಾರೆ. ಹತ್ತು ಸಲ ಹೊಡೆಯಲು ಹೋಗಿ ಮೂರು ಸಲ ಹೊಡೆದವನನ್ನು ಒಳ್ಳೇ ಬ್ಯಾಟರ್ ಅನ್ನುತ್ತಾರೆ. ಏಳು ಸಲ ಸೋತು ಬಂದವನಿಗೆ ಜನ ಎದ್ದು ಚಪ್ಪಾಳೆ ಹೊಡೆಯುವ ಆಟ ಇದು. ಇಷ್ಟು ಕೆಟ್ಟ ನನ್ನ ತಂಡವೂ 41 ಗೆದ್ದಿತು. ಅಂದರೆ ನಾಲ್ಕಕ್ಕೆ ಒಂದು. ನಾನು ನೋಡದೇ ಇದ್ದ ದಿನವೇ ಆ ಒಂದು ಬರುತ್ತಿತ್ತು, ಅದು ಬೇರೆ ಮಾತು.

ಒಂದು ಪುಸ್ತಕ ಇಡಿ

ನಾನು ಹೇಳುವುದರಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಇದೇ. ಪಂದ್ಯವನ್ನು ಸುಮ್ನೆ ನೋಡಬೇಡಿ, ಬರೆಯಿರಿ. ಅಳಿಯ ಕಲಿಸಿಕೊಟ್ಟ ವಿದ್ಯೆ ಇದು, ಒಂದೇ ರಾತ್ರಿಯಲ್ಲಿ ಬಂತು.

ಮೈದಾನದಲ್ಲಿ ನಿಂತ ಒಂಬತ್ತು ಜನರಿಗೂ ಒಂದೊಂದು ಅಂಕಿ. ಚೆಂಡು ಎಸೆಯುವ ಪಿಚರ್ 1. ಹಿಂದೆ ಕೂತು ಹಿಡಿಯುವ ಕ್ಯಾಚರ್ 2. ರನ್ನಿಗೆ ಓಡುವವನು ಮುಟ್ಟಬೇಕಾದ ಜಾಗಕ್ಕೆ ಬೇಸ್ ಅನ್ನುತ್ತಾರೆ: ಮೊದಲ ಬೇಸಿನವನು 3, ಎರಡನೆಯವನು 4, ಮೂರನೆಯವನು 5. ಎರಡು ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ದೂರದಲ್ಲಿ ನಿಂತ ಮೂವರು ಎಡದಿಂದ 7, 8, 9. ಇದು ಅಂಗಿ ಮೇಲಿನ ನಂಬರ್ ಅಲ್ಲ, ನಿಂತ ಜಾಗದ ನಂಬರ್.

ಬ್ಯಾಟರ್ ಹೊಡೆದ ಚೆಂಡು ಉರುಳುತ್ತಾ ಶಾರ್ಟ್‌ಸ್ಟಾಪ್ ಕೈಗೆ ಹೋಯಿತು, ಅವನು ಮೊದಲ ಬೇಸಿಗೆ ಎಸೆದ, ಔಟ್. 6-3 ಅಂತ ಬರೆಯಿರಿ. ಅವನೇ ಎರಡನೇ ಬೇಸಿಗೆ ಎಸೆದು, ಅಲ್ಲಿಂದ ಮೊದಲ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3. ಹೊಡೆಯಬೇಕಾದ ಚೆಂಡು ತಪ್ಪಿಸಿಕೊಂಡರೆ ಅದು ಸ್ಟ್ರೈಕ್; ಮೂರು ಸ್ಟ್ರೈಕಿಗೆ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಮೂರನೆಯ ಚೆಂಡಿಗೆ ಬ್ಯಾಟ್ ಬೀಸದೇ ಸುಮ್ನೆ ನಿಂತು ನೋಡಿ ಔಟಾದವನಿಗೆ ಅದೇ ಕೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ನನಗೆ ತಿರುಗಿದ ಕೆ ಬರೆಯುವಾಗ ಒಂಥರಾ ಸಮಾಧಾನ. ಬೈದಷ್ಟೇ ಹಗುರ ಆಗುತ್ತೆ.

ಬರೆಯಲು ಶುರು ಮಾಡಿದ ಮೇಲೆ ಒಂದು ಗೊತ್ತಾಯಿತು. ಸೋತ ಪಂದ್ಯ ಪೂರ್ತಿ ಸೋತಿರುವುದಿಲ್ಲ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಪುಟ ತೆಗೆದು ನೋಡಿದರೆ ಎಷ್ಟೋ ಸಲ ಏಳು ಇನಿಂಗ್ಸ್ ಚೆನ್ನಾಗಿಯೇ ಆಡಿರುತ್ತಾರೆ, ಒಂದರಲ್ಲಿ ಅಡ್ಡಾದಿಡ್ಡಿ ಎಸೆದು ಐದು ರನ್ ಕೊಟ್ಟಿರುತ್ತಾರೆ. ಹಿಟ್ಟಿಗೂ ಹಾಗೇ. ಜಿಗಿ ಇಲ್ಲದ ಜೋಳ ಬಂದಾಗ ಎಲ್ಲಾ ರೊಟ್ಟಿ ಹಾಳಾಯಿತು ಅನ್ನಿಸುತ್ತೆ. ಎಣಿಸಿದರೆ ಹರಿದಿರುವುದು ಹದಿನೈದು.

ಒಬ್ಬನನ್ನು ಹಿಡಿದುಕೊಳ್ಳಿ

ತಂಡವನ್ನು ಪ್ರೀತಿಸುವುದು ಕಷ್ಟವಾದಾಗ ಒಬ್ಬ ಆಟಗಾರನನ್ನು ಆರಿಸಿಕೊಳ್ಳಿ. ನಾನು ಗ್ಯಾರೆಟ್ ಕ್ರೋಶೆ ಅನ್ನುವ ಎಡಗೈ ಪಿಚರ್‌ನನ್ನು ಹಿಡಿದೆ. ಅವನ ಸರದಿ ಐದಾರು ದಿನಕ್ಕೊಮ್ಮೆ. ಆ ದಿನ ಪಂದ್ಯ ತಪ್ಪಿಸುತ್ತಿರಲಿಲ್ಲ. 2024ರಲ್ಲಿ 146 ಇನಿಂಗ್ಸ್ ಎಸೆದು 209 ಜನರನ್ನು ಸ್ಟ್ರೈಕಿಗೆ ಔಟ್ ಮಾಡಿದ. ಪಂದ್ಯದ ಗೆಲುವು ಸೋಲನ್ನು ಪಿಚರ್ ಹೆಸರಿಗೆ ಬರೆಯುವ ರೂಢಿ ಇದೆ, ಆ ಲೆಕ್ಕದಲ್ಲಿ ಮಾತ್ರ ಅವನ ಹೆಸರಿಗೆ 6 ಗೆಲುವು, 12 ಸೋಲು. ಅವನು ಹುಡುಗರನ್ನು ಸಾಲಾಗಿ ಔಟ್ ಮಾಡಿ ಬಂದು ಕೂರುವುದು, ನಮ್ಮ ಬ್ಯಾಟರ್‌ಗಳು ಒಂದು ರನ್ನೂ ಮಾಡದೇ ಅವನ ಪಕ್ಕ ಬಂದು ಕೂರುವುದು.

ಇದರಲ್ಲಿ ಒಂದು ಅಪಾಯ ಇದೆ. ಸೋಲುವ ತಂಡ ಒಳ್ಳೆಯವನನ್ನು ಇಟ್ಟುಕೊಳ್ಳುವುದಿಲ್ಲ. ಆ ಡಿಸೆಂಬರಿನಲ್ಲೇ ಅವನನ್ನು ಬಾಸ್ಟನ್‌ಗೆ ಕೊಟ್ಟು ನಾಲ್ಕು ಎಳೆಯ ಹುಡುಗರನ್ನು ತಗೊಂಡರು. ಎರಡು ದಿನ ಬೇಜಾರಾಯಿತು. ಆಮೇಲೆ ಆ ನಾಲ್ಕು ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಸಿಟ್ಟು ಯಾರ ಮೇಲೆ ಅಂತ ತೀರ್ಮಾನಿಸಿ

2024ರ ಮೇ 24, ಬೆಳಿಗ್ಗೆ. ಎದುರಾಳಿ ಬಾಲ್ಟಿಮೋರ್. ಕೊನೇ ಇನಿಂಗ್ಸ್, ನಾವು 8-6ರಿಂದ ಹಿಂದೆ. ಒಬ್ಬ ಔಟ್, ಮೊದಲ ಮತ್ತು ಎರಡನೇ ಬೇಸಿನಲ್ಲಿ ನಮ್ಮ ಇಬ್ಬರು. ಬ್ಯಾಟರ್ ಚೆಂಡನ್ನು ಮೇಲಕ್ಕೆ ಎತ್ತಿದ. ಇಂಥಾ ಸುಲಭದ ಕ್ಯಾಚಿಗೆ ಒಂದು ನಿಯಮ ಇದೆ: ಹಿಡಿಯುವ ಮೊದಲೇ ಬ್ಯಾಟರ್ ಔಟ್. ಬೇಕಂತಲೇ ಕೈಬಿಟ್ಟು ಇಬ್ಬರನ್ನು ಔಟ್ ಮಾಡುವ ಕಿತಾಪತಿ ತಡೆಯಲು ಮಾಡಿದ್ದು. ಸರಿ, ಎರಡನೇ ಔಟ್. ಅಷ್ಟರಲ್ಲಿ ಎರಡನೇ ಬೇಸಿಗೆ ವಾಪಸ್ ಬರುತ್ತಿದ್ದ ನಮ್ಮ ಹುಡುಗ ಶಾರ್ಟ್‌ಸ್ಟಾಪ್‌ನ ದಾರಿಗೆ ಅಡ್ಡ ಬಂದ ಅಂತ ಅಂಪೈರ್ ಕೈ ಎತ್ತಿದರು. ಅವನೂ ಔಟ್. ಮೂರು ಔಟಾದರೆ ಇನಿಂಗ್ಸ್ ಮುಗಿದಂತೆ. ಚೆಂಡು ಗಾಳಿಯಲ್ಲಿ ಇರುವಾಗಲೇ ಪಂದ್ಯ ಮುಗಿದು ಹೋಯಿತು! ಆ ತೀರ್ಪು ಕೊಡದೇ ಇರುವ ಅವಕಾಶ ಅಂಪೈರ್‌ಗೆ ಇತ್ತು ಅಂತ ಲೀಗಿನವರು ಆಮೇಲೆ ತಂಡಕ್ಕೆ ಹೇಳಿದರಂತೆ. ಯಾರಿಗೆ ಬೇಕಾಗಿತ್ತು?

ನನ್ನ ಕೈಯಲ್ಲಿ ಅರ್ಧ ಬಡಿದ ರೊಟ್ಟಿ ಇತ್ತು. ಅಂಗೈ ಬೀಳಬೇಕಾದ ಕಡೆ ಮುಷ್ಟಿ ಬಿತ್ತು. ಅಂಚಿನಿಂದ ನಡುವಿನ ತನಕ ಸೀಳಿತು. ಅದನ್ನು ಮುದ್ದೆ ಮಾಡಿ ಮತ್ತೆ ಬಡಿದೆ, ಮತ್ತೆ ಸೀಳಿತು. ಹಂಚಿನ ಮೇಲಿದ್ದುದಕ್ಕೆ ನೀರು ಸವರುವುದು ಮರೆತು ಅದೂ ಸೀದು ಹೋಯಿತು. ನಮ್ಮಲ್ಲಿ ರೊಟ್ಟಿ ಬಡಿಯುವ ಅಕ್ಕ ಎದ್ದು ಬಂದು ಫೋನನ್ನು ಬೋರಲು ಹಾಕಿ, "ಮೊದಲ ಹಿಟ್ಟ ನೋಡ್ರೀ ಅಕ್ಕಾರ" ಅಂದಳು.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಸೋತ ಕೂಡಲೇ ಪುಸ್ತಕದಲ್ಲಿ ಒಂದು ಸಾಲು: ಯಾರ ತಪ್ಪು? ಆಟಗಾರ, ಮ್ಯಾನೇಜರ್ (ಬೇಸ್‌ಬಾಲ್‌ನಲ್ಲಿ ಮುಖ್ಯ ಕೋಚ್‌ಗೆ ಹಾಗನ್ನುತ್ತಾರೆ), ಅಂಪೈರ್, ನಸೀಬು, ಮಾಲೀಕ, ಐದರಲ್ಲಿ ಒಂದಕ್ಕೆ ಗೀಟು. ಅಂಪೈರ್ ಮತ್ತು ನಸೀಬಿಗೆ ಬಿದ್ದ ಗೀಟು ಕಡಿಮೆಯೇ. ಆಟಗಾರರಿಗೂ ಅಂದುಕೊಂಡಷ್ಟು ಬೀಳಲಿಲ್ಲ. ಬೇರೆಡೆ ಜಾಗ ಸಿಗದ ಹುಡುಗರು ಅವರು, ತಮ್ಮ ಕೈಲಾದಷ್ಟು ಆಡುತ್ತಿದ್ದರು. ಇಂಥವರನ್ನು ತಂದು ನಿಲ್ಲಿಸಿದವರು ಯಾರು ಅಂತ ಹಿಡಿದು ಹೋದರೆ ಗೀಟುಗಳೆಲ್ಲ ಮೇಲಕ್ಕೇ ಹತ್ತುತ್ತವೆ.

ಈ ಲೀಗಿನ ವ್ಯವಸ್ಥೆಯೇ ಹಾಗಿದೆ. ಫುಟ್‌ಬಾಲ್‌ನ ಹಾಗೆ ಕೊನೆಗೆ ಬಂದವರನ್ನು ಕೆಳಗಿನ ದರ್ಜೆಗೆ ತಳ್ಳುವುದಿಲ್ಲ. ಟಿವಿ ದುಡ್ಡಿನಲ್ಲಿ ಪಾಲು ಬರುತ್ತೆ. ಅದರ ಜೊತೆಗೆ ಹೊಸ ಆಟಗಾರರನ್ನು ಆರಿಸುವಾಗ ಸೋತವರಿಗೆ ಮುಂದಿನ ಸಾಲು. ಬೇಕಂತಲೇ ಸೋಲಬಾರದು ಅಂತ ಈಗ ಮೊದಲ ಸರದಿಗಳಿಗೆ ಚೀಟಿ ಎತ್ತುತ್ತಾರೆ. ದೊಡ್ಡ ಊರಿನ, ದುಡ್ಡಿರುವ ತಂಡಕ್ಕೆ ಎರಡು ವರ್ಷ ಬೆನ್ನು ಬೆನ್ನಿಗೆ ಚೀಟಿ ಇಲ್ಲ. ಅದಕ್ಕೇ 121 ಸೋತ ನನ್ನ ತಂಡಕ್ಕೆ 2025ರಲ್ಲಿ ಸಿಕ್ಕಿದ್ದು ಹತ್ತನೇ ಸರದಿ. ಸೋಲುವುದರಲ್ಲೂ ಸೋತರು ನೋಡಿ.

ಶಿಕಾಗೊದ ಜನಕ್ಕೆ ಇದು ಗೊತ್ತಿತ್ತು. ಸೆಪ್ಟೆಂಬರ್ ಕೊನೆಗೆ, 120 ಸೋಲಾದ ಮೇಲೆ ತಂಡ ಮನೆಗೆ ಬಂತು. ಅಲ್ಲಿ ಮೂರಕ್ಕೆ ಮೂರೂ ಗೆದ್ದರು. ಗೆಲ್ಲುವಾಗಲೂ ಜನ "ತಂಡ ಮಾರಿ, ತಂಡ ಮಾರಿ" ಅಂತ ಕೂಗುತ್ತಿದ್ದರು. ಹುಡುಗರಿಗೆ ಚಪ್ಪಾಳೆ, ಮಾಲೀಕರಿಗೆ ಕೂಗು. ಇಬ್ಬರನ್ನೂ ಬೇರೆ ಮಾಡಿ ನೋಡುವುದು ಸಾಧ್ಯ ಅಂತ ಆವತ್ತು ಕಣ್ಣಾರೆ ನೋಡಿದೆ. ನೀವು ದೂರ ಇದ್ದೀರಿ, ಕೂಗಿದರೆ ಓಣಿಯವರು ಬರುತ್ತಾರೆ. ಅದಕ್ಕೇ ಗೀಟು. ಆಟಗಾರರ ಫೇಸ್‌ಬುಕ್ಕು ಇನ್‌ಸ್ಟಾಗ್ರಾಂಗೆ ಹೋಗಿ ಬೈದು ಬರೆಯುವುದು ಮಾತ್ರ ಬೇಡ. ನನ್ನ ತಂಗಿಯ ಮಗ ಒಮ್ಮೆ ಬರೆದಿದ್ದ, ಅಳಿಸಿಸಿದೆ.

ಸಮಾಧಾನ ಹೇಳುವವರ ಬಗ್ಗೆ

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ನಮ್ಮ ಯಜಮಾನರು ಅತ್ತರು. 49 ರನ್ನಿಗೆ ಆಲೌಟ್ ಆದ 2017ರ ರಾತ್ರಿಯೂ ಅವರ ಮುಖ ನೋಡಿದವಳು ನಾನು. ಬೆಳಿಗ್ಗೆ ಎದ್ದು ನನಗೆ ಬುದ್ಧಿ ಹೇಳಿದರು: "ನೋಡ, 18 ವರ್ಷ ಕಾದ್ನಿ. ನೀನೂ ಕಾಯಿ." ನಾನು ಅಂದೆ, ನನ್ನ ತಂಡ 1917 ಆದ ಮೇಲೆ ಗೆದ್ದದ್ದು 2005ರಲ್ಲಿ, 88 ವರ್ಷ. ಅದೇ ಊರಿನ ಇನ್ನೊಂದು ತಂಡ ಕಬ್ಸ್ ಕಾದದ್ದು 108 ವರ್ಷ. ಮಾತು ಅಲ್ಲಿಗೇ ನಿಂತಿತು. ಸೋತ ಬೆಳಿಗ್ಗೆ ಇಂಥ ಅಂಕಿ ಹೇಳಿ ಸಮಾಧಾನ ಮಾಡಲು ಬರುವವರಿಗೆ ಚಹಾ ಕೊಟ್ಟು ಕಳಿಸಿಬಿಡಿ.

ಗೆದ್ದ ದಿನ

ಅದಕ್ಕೂ ತಯಾರಿ ಬೇಕು, ಯಾಕೆಂದರೆ ಅಭ್ಯಾಸ ತಪ್ಪಿರುತ್ತೆ. 2024ರ ಜುಲೈ 10ರಿಂದ ಆಗಸ್ಟ್ 5ರ ತನಕ ನನ್ನ ತಂಡ ಸತತ 21 ಸೋತಿತು. ಆಗಸ್ಟ್ 7, ಬುಧವಾರ. ನಮ್ಮ ಕಡೆ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬ. ವರ್ಷದಲ್ಲೇ ಜಾಸ್ತಿ ಆರ್ಡರ್ ಇರುವ ದಿನ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಜನ ಬಾಗಿಲಲ್ಲಿ ನಿಂತಿದ್ದಾರೆ. ಪಂದ್ಯ ಓಕ್ಲೆಂಡಿನಲ್ಲಿ, ನಮಗೆ ಏಳು ಗಂಟೆ ಮೇಲೆ ಶುರು. ಫೋನ್ ಹಚ್ಚಿ ಇಟ್ಟಿದ್ದೆ, ನೋಡಲು ಪುರುಸೊತ್ತಿಲ್ಲ. ಹತ್ತರ ಸುಮಾರಿಗೆ ಗಿರಾಕಿ ಒಬ್ಬರಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದಾಗ ಅಕ್ಕ ಒಳಗಿನಿಂದ ಕೂಗಿದಳು: "ಅಕ್ಕಾರ, ನಿಮ್ಮ ಮಂದಿ ಕುಣ್ಯಾಕತ್ತಾರ್ರೀ!" 5-1. ಚಿಲ್ಲರೆ ಜಾಸ್ತಿ ಕೊಟ್ಟೆ. ಎಷ್ಟು ಜಾಸ್ತಿ ಅಂತ ಈಗಲೂ ಗೊತ್ತಿಲ್ಲ, ಗಿರಾಕಿ ತಿರುಗಿ ಬಂದು ಹೇಳಲೂ ಇಲ್ಲ. ಎರಡು ದಿನ ಬಿಟ್ಟು ಪಂಚಮಿ ಉಂಡಿ ಕಟ್ಟುವಾಗ ಮ್ಯಾನೇಜರ್‌ನನ್ನು ತೆಗೆದರು ಅನ್ನುವ ಸುದ್ದಿ ಬಂತು.

ಕೊನೆಯದಾಗಿ ಪುಸ್ತಕದ ಬಗ್ಗೆ. ಮೊದಲ ವರ್ಷ ನಾನು ರೊಟ್ಟಿ ಲೆಕ್ಕದ ಪುಸ್ತಕದಲ್ಲೇ ಹಿಂದಿನಿಂದ ಪಂದ್ಯ ಬರೆಯುತ್ತಾ ಬಂದೆ. ಮುಂದಿನಿಂದ ರೊಟ್ಟಿ ಉದ್ರಿ, ಹಿಂದಿನಿಂದ ಸೋಲು. ಜುಲೈ ಕೊನೆಗೆ ಎರಡೂ ನಡುವೆ ಬಂದು ಮುಟ್ಟಿದವು, ಗಿರಾಕಿಯ ಬಾಕಿ ಯಾವುದು, ವೈಟ್ ಸಾಕ್ಸ್ ರನ್ ಯಾವುದು ಅಂತ ತಿಳಿಯದಾಯಿತು. ಹಾಗೆ ಮಾಡಬೇಡಿ. ಬೇರೆ ಪುಸ್ತಕ ತಗೊಳ್ಳಿ, ದುರ್ಗದಬೈಲಿನಲ್ಲಿ ಸಿಗುತ್ತೆ. ಪಂದ್ಯಕ್ಕೆ ಎರಡು ಪುಟ ಬೇಕು, ವಾರಕ್ಕೆ ಮೂರು ಪಂದ್ಯ. 200 ಪುಟದ್ದೇ ಕೇಳಿ. 100 ಪುಟದ್ದು ಜುಲೈಗೇ ಮುಗಿಯುತ್ತೆ, ನಿಜವಾದ ಸೋಲು ಶುರುವಾಗುವುದೇ ಆಮೇಲೆ.