ಬಿಳಿ ವೈನಿಗೆ ಬೆಳಗಿನ ಜಾವದ ಕೊಯ್ಲು

ಬಿಳಿ ವೈನ್ ಮಾಡುವವರು ಬಿಸಿಲು ಏರುವ ಮುಂಚೆ ಅರ್ಧ ಕೆಲಸ ಮುಗಿಸಿರಬೇಕು. ಉಳಿದರ್ಧ ತಂಪು ಕಾಯುವ ಕೆಲಸ. ನಾನು ಕಲಿತದ್ದು ಇಷ್ಟೇ, ಆದರೆ ಇದರಲ್ಲೇ ಎಲ್ಲವೂ ಇದೆ.

ನಮ್ಮ ತೋಟ ಅರಸೀಕೆರೆ ಕಡೆ. ಸುತ್ತ ತೆಂಗು, ರಾಗಿ ಹೊಲ, ನಡುವೆ ನಮ್ಮ ದ್ರಾಕ್ಷಿ ಚಪ್ಪರ. ಅಪ್ಪ, ಅಣ್ಣ, ಅತ್ತಿಗೆ, ನಾನು ಸೇರಿ ನಡೆಸುವ ಸಣ್ಣ ವೈನರಿ ಇದು. ಬೆಳೆಯುವುದು ಬಿಳಿ ವೈನಿನ ಎರಡು ದ್ರಾಕ್ಷಿ ತಳಿ: ಶೆನಿನ್ ಬ್ಲಾಂಕ್ ಜಾಸ್ತಿ, ಸೋವಿನ್ಯೋ ಬ್ಲಾಂಕ್ ಸ್ವಲ್ಪ. ಕೆಂಪು ವೈನಿಗೆ ನಾವು ಕೈ ಹಾಕಿಲ್ಲ. ರಾಜ್ಯದಲ್ಲಿ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ರೈತರ ಮನೆಯಲ್ಲೂ ಇದನ್ನು ಮಾಡಬಹುದು ಅನ್ನುವ ಧೈರ್ಯ ಬಂತು. ಲೈಸೆನ್ಸು, ಅಬಕಾರಿ ಲೆಕ್ಕ ಎಲ್ಲ ಅಣ್ಣನ ಪಾಲು. ಹಣ್ಣು ಮತ್ತು ರಸ ನನ್ನ ಪಾಲು.

ಈ ಕೆಲಸವನ್ನು ನಾನು ಕಲಿತದ್ದು ಸ್ಪೇನಿನ ಗಲೀಸಿಯಾದಲ್ಲಿ, ಅಟ್ಲಾಂಟಿಕ್ ದಂಡೆಯ ರಿಯಾಸ್ ಬೈಶಾಸ್ ಸೀಮೆಯಲ್ಲಿ. ಕಂಬಾದೋಸ್ ಊರಿನ ಹತ್ತಿರ ಒಂದು ಕುಟುಂಬದವರ ವೈನರಿಯಲ್ಲಿ ಕೊಯ್ಲು ಮುಗಿಯುವವರೆಗೂ ಇದ್ದೆ. ಅಲ್ಲಿ ಬೆಳೆಯುವುದು ಅಲ್ಬರಿನ್ಯೋ ಅನ್ನುವ ಬಿಳಿ ದ್ರಾಕ್ಷಿ. ಆ ಊರಲ್ಲಿ 1953ರಿಂದ ಪ್ರತಿ ಆಗಸ್ಟಿನಲ್ಲಿ ಅದರದ್ದೇ ಹಬ್ಬ ನಡೆಯುತ್ತದೆ ಅಂದರೆ ನೋಡಿ, ಅವರಿಗೆ ಅದು ಎಷ್ಟು ದೊಡ್ಡದು ಅಂತ. ತೋಟಕ್ಕೆ ಕಾಲಿಟ್ಟಾಗ ನನಗೆ ಖುಷಿಯಾದದ್ದು ಕಲ್ಲುಕಂಬ ನೋಡಿ. ನಮ್ಮ ಕಡೆಯ ಹಾಗೇ ಗ್ರಾನೈಟ್ ಕಂಬ, ಮೇಲೆ ತಂತಿ, ಅದರ ಮೇಲೆ ಬಳ್ಳಿ! ಆದರೆ ಚಪ್ಪರ ಹಾಕುವ ಕಾರಣ ಬೇರೆ. ಅಲ್ಲಿ ಸಮುದ್ರದಿಂದ ಮಳೆ, ತೇವ ಬರುತ್ತಲೇ ಇರುತ್ತದೆ. ಗೊಂಚಲಿಗೆ ಬೂಜು ಹಿಡಿಯದಿರಲಿ ಅಂತ ಬಳ್ಳಿಯನ್ನು ಆಳೆತ್ತರಕ್ಕೆ ಹತ್ತಿಸಿ ಕೆಳಗೆ ಗಾಳಿ ಆಡಲು ಬಿಡುತ್ತಾರೆ. ನಮಗೆ ಬೇಕಿರುವುದು ನೆರಳು. ಫೆಬ್ರುವರಿ ಬಿಸಿಲು ಕಾಯಿಗೆ ನೇರವಾಗಿ ಬಿದ್ದರೆ ಸಿಪ್ಪೆ ಸುಡುತ್ತದೆ.

ಇನ್ನೊಂದು ವ್ಯತ್ಯಾಸ ದೊಡ್ಡದು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಸವರುತ್ತೇವೆ. ಏಪ್ರಿಲಿನಲ್ಲಿ ಒಂದು, ಕಡ್ಡಿ ಬಲಿಯಲಿ ಅಂತ. ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು, ಹಣ್ಣಿಗೆ. ಆ ಲೆಕ್ಕದಲ್ಲಿ ಫೆಬ್ರುವರಿ, ಮಾರ್ಚಿಗೆ ಕೊಯ್ಲು.

ಕೊಯ್ಲು ಯಾವತ್ತು ಅನ್ನುವುದೇ ನನಗೆ ವರ್ಷದ ಅತಿ ಕಷ್ಟದ ತೀರ್ಮಾನ. ರಿಫ್ರಾಕ್ಟೋಮೀಟರಿನ ಗಾಜಿಗೆ ಎರಡು ಹನಿ ಹಿಂಡಿದರೆ ಸಕ್ಕರೆ ಗೊತ್ತಾಗುತ್ತದೆ. ಅದರ ಅಳತೆಗೆ ಬ್ರಿಕ್ಸ್ ಅನ್ನುತ್ತಾರೆ. 21 ಬ್ರಿಕ್ಸ್ ಹತ್ತಿರ ಬಂದರೆ ಸುಮಾರು 12 ಶೇಕಡಾ ಆಲ್ಕೋಹಾಲ್ ಸಿಗುತ್ತದೆ. ಆದರೆ ನಮ್ಮ ಹವೆಯಲ್ಲಿ ಸಕ್ಕರೆ ಏರುವುದಕ್ಕಿಂತ ಬೇಗ ಹುಳಿ ಇಳಿದುಬಿಡುತ್ತದೆ. ಹುಳಿ ಹೋದ ಬಿಳಿ ವೈನ್ ಚಪ್ಪೆ. ಹಾಗಾಗಿ ನಾನು ಯಂತ್ರದ ಜೊತೆ ಬಾಯಿಯನ್ನೂ ನಂಬುತ್ತೇನೆ. ಚಪ್ಪರದ ಅಂಚಿನ ಹಣ್ಣು, ನಡುವಿನ ಹಣ್ಣು, ಎರಡನ್ನೂ ಅಗಿದು ನೋಡುತ್ತೇನೆ. ಬೀಜ ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗಿರಬೇಕು, ನಾಲಿಗೆಯ ಬದಿಯಲ್ಲಿ ಇನ್ನೂ ಜುಮ್ಮೆನ್ನಬೇಕು. ಎರಡೂ ಕೂಡಿದ ದಿನ ಅಪ್ಪನಿಗೆ ಹೇಳುತ್ತೇನೆ, "ಅಪ್ಪಾ, ನಾಳೆಗೆ ಆಳು ಕರೀರಿ" ಅಂತ.

ತಲೆಗೆ ಲೈಟ್ ಕಟ್ಟಿಕೊಂಡು ಕತ್ತಲಲ್ಲೇ ಶುರು. ಸಣ್ಣ ಕ್ರೇಟು, ಅದರಲ್ಲೂ ತುಂಬಿ ತುಳುಕುವಷ್ಟು ಹಾಕುವಂತಿಲ್ಲ. ಕೆಳಗಿನ ಹಣ್ಣು ಜಜ್ಜಿದರೆ ಅಲ್ಲಿಂದಲೇ ರಸ ಕೆಡಲು ಶುರು. ಶೆನಿನ್ ಗೊಂಚಲು ಒತ್ತೊತ್ತಾಗಿರುತ್ತದೆ, ಒಳಗೆ ಕೊಳೆತ ಕಾಯಿ ಅಡಗಿರಬಹುದು. ನಮ್ಮ ಅತ್ತಿಗೆ ಗೊಂಚಲನ್ನು ಮೂಗಿನ ಹತ್ತಿರ ಹಿಡಿದೇ ಹೇಳುತ್ತಾರೆ, ಇದು ಬೇಡ ಅಂತ. ಅವರ ಮೂಗು ನಮ್ಮ ವೈನರಿಯ ಆಸ್ತಿ.

ಪ್ರೆಸ್ಸಿನಿಂದ ಇಳಿಯುವ ರಸ ಹಸಿರು ಮಿಶ್ರಿತ ಹಳದಿ. ಗಾಳಿಗೆ ಬಿಟ್ಟರೆ ಹೆಚ್ಚಿಟ್ಟ ಬದನೆಕಾಯಿಯ ಹಾಗೆ ಕಪ್ಪಿಡುತ್ತದೆ. ಅದಕ್ಕೆ ಗಂಧಕದ ಉಪ್ಪು, ಅಂದರೆ ಮೆಟಾಬೈಸಲ್ಫೈಟ್, ತೂಕ ಮಾಡಿ ಸ್ವಲ್ಪವೇ ಹಾಕುತ್ತೇವೆ. ನಿಧಾನಕ್ಕೆ ಹಿಂಡಬೇಕು. ಆಸೆಪಟ್ಟು ಜೋರಾಗಿ ಒತ್ತಿದರೆ ಸಿಪ್ಪೆ, ಬೀಜದ ಒಗರೆಲ್ಲ ಇಳಿದುಬಿಡುತ್ತದೆ. ರಸವನ್ನು ರಾತ್ರಿಯೆಲ್ಲ ತಂಪಲ್ಲಿ ನಿಲ್ಲಿಸಿ, ಮೇಲಿನ ತಿಳಿಯನ್ನು ಮಾತ್ರ ಬೇರೆ ಟ್ಯಾಂಕಿಗೆ ಹಾಕಿ ಯೀಸ್ಟ್ ಬಿಡುತ್ತೇವೆ.

ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ. ಚಿಲ್ಲರಿನಿಂದ 14ರಿಂದ 16 ಡಿಗ್ರಿಯಲ್ಲಿ ಹಿಡಿದಿಡಬೇಕು. ಮೀರಿದರೆ ಹಣ್ಣಿನ ಪರಿಮಳವೆಲ್ಲ ಗುಳ್ಳೆಯ ಜೊತೆ ಹಾರಿಹೋಗುತ್ತದೆ. ಗಲೀಸಿಯಾದಲ್ಲಿ ಹವೆಯೇ ಅರ್ಧ ಸಹಾಯ ಮಾಡುತ್ತದೆ, ಇಲ್ಲಿ ಕರೆಂಟ್ ನಂಬಿ ಕೂರುವಂತಿಲ್ಲ. ಮೊದಲು ಜನರೇಟರ್ ತಗೊಳ್ಳಿ, ಚಂದದ ಬಾಟಲಿ ಆಮೇಲೆ ನೋಡೋಣ ಅಂತ ನಾನು ಹಟ ಹಿಡಿದಿದ್ದೆ. ಹೊಸದಾಗಿ ಶುರು ಮಾಡುವವರಿಗೂ ಅದನ್ನೇ ಹೇಳುತ್ತೇನೆ.

ಅಲ್ಲಿಂದ ತಂದ ಒಂದು ಅಭ್ಯಾಸ ನಮಗೆ ಚೆನ್ನಾಗಿ ಕೂಡಿಬಂದಿದೆ. ಹುದುಗು ಮುಗಿದ ಮೇಲೆ ತಳದಲ್ಲಿ ಯೀಸ್ಟಿನ ನಯವಾದ ಗಸಿ ಉಳಿಯುತ್ತದೆ ಅಲ್ವಾ? ವೈನನ್ನು ಕೆಲವು ತಿಂಗಳು ಅದರ ಮೇಲೇ ಬಿಟ್ಟು ಆಗಾಗ ಕಲಕುತ್ತೇವೆ. ಶೆನಿನ್ನಿಗೆ ಬಾಯಿ ತುಂಬುವ ಗುಣ ಬರುತ್ತದೆ. ಹುಳಿಯೂ ಒರಟಾಗಿ ಕಾಣುವುದಿಲ್ಲ. ಆಮೇಲೆ ಬೆಂಟೊನೈಟ್ ಜೇಡಿಮಣ್ಣಿನಲ್ಲಿ ತಿಳಿಗೊಳಿಸಿ, ಚೆನ್ನಾಗಿ ತಣ್ಣಗೆ ಮಾಡಿ, ಸೋಸಿ ಬಾಟಲಿಗೆ. ಹಾಗೆ ತಣ್ಣಗೆ ಮಾಡದಿದ್ದರೆ ಗಿರಾಕಿಯ ಫ್ರಿಜ್ಜಿನಲ್ಲಿ ತಳಕ್ಕೆ ಹರಳು ಕೂರುತ್ತದೆ. ಅದು ಹುಳಿಯ ಉಪ್ಪು, ಏನೂ ಅಪಾಯವಿಲ್ಲ. ಆದರೆ ಜನ ಗಾಜಿನ ಚೂರು ಅಂದುಕೊಂಡು ಗಾಬರಿಯಾಗುತ್ತಾರೆ.

ಗಲೀಸಿಯಾದವರು ಈ ಥರದ ವೈನನ್ನು ಚಿಪ್ಪುಮೀನಿನ ಜೊತೆ ಕುಡಿಯುತ್ತಾರೆ. ನಮಗೆ ಶಿರಾಡಿ ಘಾಟಿ ಹತ್ತಿ ಮಂಗಳೂರಿನ ಮೀನು ಬರುತ್ತದೆ. ಖಾರ ಕಡಿಮೆ ಹಾಕಿ ಹುರಿದ ಅಂಜಲ್ ಜೊತೆ ನಮ್ಮ ಶೆನಿನ್ ಬಹಳ ಚೆನ್ನ. 8ರಿಂದ 10 ಡಿಗ್ರಿಗೆ ತಣಿದಿದ್ದರೆ ಸಾಕು. ಫ್ರೀಜರಿನಲ್ಲಿಟ್ಟು ಕಲ್ಲಿನಷ್ಟು ತಣ್ಣಗೆ ಮಾಡಿದರೆ ಪರಿಮಳ ಸಿಗುವುದಿಲ್ಲ. ಕೊಂಡ ಬಾಟಲಿಯನ್ನು ಸುಮ್ನೆ ಅಟ್ಟದ ಮೇಲೆ ವರ್ಷಗಟ್ಟಲೆ ಇಡಬೇಡಿ, ನಮ್ಮದು ಹೊಸದರಲ್ಲೇ ಕುಡಿಯುವ ವೈನ್.