ಸೆಮಿಸ್ಟರಿನ ಸಮಯ: ವಾರ ಮತ್ತು ಮಾಡ್ಯೂಲಿನ ಲೆಕ್ಕ

ಬೆಳಗಾವಿಯಲ್ಲಿ ರೂಮು ಮಾಡಿಕೊಂಡು ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೆಮಿಸ್ಟರಿನ ಮೊದಲ ವಾರ ಗೋಡೆಗೆ ಅಂಟಿಸುವ ವೇಳಾಪಟ್ಟಿಗಳು ಬಹುತೇಕ ಒಂದೇ ತೆರನಾಗಿರುತ್ತವೆ: ಬೆಳಿಗ್ಗೆ 5ಕ್ಕೆ ಏಳುವುದು, ರಾತ್ರಿ 11ರವರೆಗೆ ಓದುವುದು, ನಡುವೆ ಖಾನಾವಳಿಯ ಊಟಕ್ಕೆ ಅರ್ಧ ತಾಸು. ಇಂಥ ಪಟ್ಟಿ ಒಂದು ದಿನ ತಪ್ಪಿತೆಂದರೆ ಮರುದಿನ ಅದರ ಕಡೆ ನೋಡುವ ಮನಸ್ಸೇ ಆಗುವುದಿಲ್ಲ; ತಪ್ಪಿದ ತಾಸನ್ನು ತುಂಬಿಕೊಳ್ಳಲು ಅದರಲ್ಲಿ ಜಾಗವೇ ಇರುವುದಿಲ್ಲ. ದಿನ-ತಾಸುಗಳನ್ನು ಬದಿಗಿಟ್ಟು ವಾರ ಮತ್ತು ಮಾಡ್ಯೂಲಿನ (ಅಂದರೆ ಒಂದು ವಿಷಯದ ಪಠ್ಯದ ಒಂದು ಭಾಗದ) ಲೆಕ್ಕ ಹಿಡಿದರೆ ಯೋಜನೆ ಕೊನೆಯವರೆಗೂ ಉಳಿಯುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಪ್ರತಿ ಥಿಯರಿ ವಿಷಯಕ್ಕೆ ಐದು ಮಾಡ್ಯೂಲುಗಳಿರುತ್ತವೆ. ಐದು ಥಿಯರಿ ವಿಷಯಗಳಿದ್ದರೆ ಒಟ್ಟು 25 ಮಾಡ್ಯೂಲು. ತರಗತಿಗಳು ಸುಮಾರು 14 ವಾರ ನಡೆಯುತ್ತವೆ ಎಂದಿಟ್ಟುಕೊಂಡರೆ ವಾರಕ್ಕೆ ಎರಡು ಮಾಡ್ಯೂಲು ಮುಗಿಸುವುದು ಸಾಕು, ಮೇಲೆ ಒಂದೂವರೆ ವಾರ ಉಳಿಯುತ್ತದೆ. ಆದರೆ 14 ವಾರಗಳೂ ಕೈಗೆ ಸಿಗುವುದಿಲ್ಲವೆಂಬುದೇ ಇಲ್ಲಿನ ಮುಖ್ಯ ಸಂಗತಿ. ಆದ್ದರಿಂದ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಕ್ಯಾಲೆಂಡರ್ ಬಂದ ದಿನವೇ ಒಂದು ಹಾಳೆಯ ಮೇಲೆ ವಾರಕ್ಕೊಂದು ಸಾಲಿನಂತೆ ಬರೆದು, ಹೋಗಲಿರುವ ವಾರಗಳನ್ನು ಮೊದಲು ಹೊಡೆದುಹಾಕಬೇಕು.

ಯಾವುವು ಆ ವಾರಗಳು? ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗಿನ ಆಂತರಿಕ ಪರೀಕ್ಷೆಗಳು, ನಡೆಯುವ ಎರಡು ವಾರಗಳಲ್ಲಿ ಹೊಸದಾಗಿ ಏನನ್ನೂ ಓದಲಾಗುವುದಿಲ್ಲ. ವರ್ಷದ ಉತ್ತರಾರ್ಧದ ಸೆಮಿಸ್ಟರಿನಲ್ಲಿ ದಸರಾ, ದೀಪಾವಳಿ ಬರುತ್ತವೆ. ಊರಿಗೆ ಹೋದವರು ಹಬ್ಬ ಮುಗಿದ ಮರುದಿನವೇ ತಿರುಗಿ ಬರುವುದು ಅಪರೂಪ. ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಯ ದಿನ ರೂಮಿನಲ್ಲಿ ಕುಳಿತು ಓದುತ್ತೇನೆಂದು ಯೋಜನೆ ಹಾಕುವುದು ತನ್ನನ್ನು ತಾನೇ ನಂಬಿಸಿಕೊಳ್ಳುವ ಕೆಲಸ. ಇವೆಲ್ಲ ದಿನಾಂಕ ಗೊತ್ತಿರುವ ಖರ್ಚುಗಳು. ಗೋಕಾಕ, ರಾಯಬಾಗ, ಚಿಕ್ಕೋಡಿ ಕಡೆಯ ರೈತರ ಮನೆಗಳ ಹುಡುಗರಿಗೆ ದಿನಾಂಕ ಗೊತ್ತಿಲ್ಲದ ಇನ್ನೊಂದು ಖರ್ಚಿದೆ. ಕಬ್ಬಿನ ಹಂಗಾಮು ಶುರುವಾದ ಮೇಲೆ ಕಟಾವಿನ ಗ್ಯಾಂಗ್ ಯಾವತ್ತು ಹೊಲಕ್ಕೆ ಬರುತ್ತದೆಂದು ಮೊದಲೇ ಹೇಳಲಾಗದು. ಬಂದಾಗ ಮನೆಯವರು ಫೋನ್ ಮಾಡಿದರೆ ಇಲ್ಲವೆನ್ನಲಾಗದು. ಅಂಥವರು ನವೆಂಬರಿನಲ್ಲಿ ಒಂದು ವಾರವನ್ನು ಹೆಸರಿಡದೆ ಖಾಲಿ ಬಿಡುವುದು ಲೇಸು. ಹೀಗೆ ಕಳೆಯುತ್ತ ಹೋದರೆ ನಿಜವಾಗಿ ಕೈಯಲ್ಲಿ ಉಳಿಯುವುದು ಒಂಬತ್ತೋ ಹತ್ತೋ ವಾರ. ಆಗ ವಾರಕ್ಕೆ ಎರಡೂವರೆಯಿಂದ ಮೂರು ಮಾಡ್ಯೂಲು ಎಂಬ ನಿಜವಾದ ಲೆಕ್ಕ ಸಿಗುತ್ತದೆ, ಹಬ್ಬಗಳಿಗೆ ಮುಂಚಿನ ವಾರಗಳೇ ಹೆಚ್ಚು ಬೆಲೆಬಾಳುತ್ತವೆಂಬುದೂ ಕಾಣುತ್ತದೆ.

ಹಾಜರಿಯನ್ನೂ ಇದೇ ಹಾಳೆಯಲ್ಲಿ ಲೆಕ್ಕವಿಡಬೇಕು. ಶೇಕಡಾ 85ರಷ್ಟು ಹಾಜರಿ ಬೇಕೆಂದರೆ 40 ತಾಸಿನ ವಿಷಯದಲ್ಲಿ ತಪ್ಪಿಸಬಹುದಾದದ್ದು 6 ತಾಸು ಮಾತ್ರ. ವಾರಕ್ಕೆ ಮೂರು ತಾಸು ನಡೆಯುವ ವಿಷಯದಲ್ಲಿ ಅದು ಸರಿಯಾಗಿ ಎರಡು ವಾರ. ತಕ್ಕ ಕಾರಣಕ್ಕೆ ಸಿಗುವ ರಿಯಾಯಿತಿಯನ್ನು ನೆಚ್ಚಿ ಯೋಜನೆ ಹಾಕಬಾರದು. ಮೊದಲ ತಿಂಗಳಲ್ಲೇ ಈ ಆರು ತಾಸುಗಳನ್ನು ಚಹಾದ ಅಂಗಡಿಯಲ್ಲಿ ಕಳೆದವರಿಗೆ ಕಟಾವಿನ ದಿನ ಊರಿಗೆ ಹೋಗಲು ಏನೂ ಉಳಿದಿರುವುದಿಲ್ಲ.

ಇಂಟರ್ನಲ್ಸ್ ಅಂಕಗಳ ವಿಚಾರವನ್ನು ಹಲವರು ಹಗುರವಾಗಿ ಕಾಣುತ್ತಾರೆ. ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ (ಪಠ್ಯ ಮತ್ತು ಪರೀಕ್ಷೆಯ ನಿಯಮಾವಳಿಯಲ್ಲಿ) ಇಂಟರ್ನಲ್ಸಿನಲ್ಲಿ 50ಕ್ಕೆ ಕನಿಷ್ಠ 20 ಬರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರಲು ಬರುವುದಿಲ್ಲ. ಪರೀಕ್ಷೆಯಲ್ಲಿ 100ಕ್ಕೆ ಕನಿಷ್ಠ 35 ಬರಬೇಕು, ಆ ಅಂಕವನ್ನು 50ಕ್ಕೆ ಇಳಿಸಿ ಕೂಡಿದಾಗ ಒಟ್ಟು 40 ಆಗಬೇಕು. ಇಂಟರ್ನಲ್ಸಿನಲ್ಲಿ 20ಕ್ಕೇ ನಿಂತವರು ಹಾಗಾಗಿ ಪರೀಕ್ಷೆಯಲ್ಲಿ 35ಕ್ಕೆ ಬದಲಾಗಿ 40 ತರಬೇಕಾಗುತ್ತದೆ. ಅಸೈನ್‌ಮೆಂಟುಗಳನ್ನು ಕೊಟ್ಟ ವಾರದಲ್ಲೇ, ಲ್ಯಾಬ್ ರೆಕಾರ್ಡನ್ನು ಪ್ರಯೋಗ ಮಾಡಿದ ದಿನದ ಸಂಜೆಯೇ ಬರೆದು ಮುಗಿಸುವುದರ ಲಾಭ ಇಲ್ಲಿದೆ.

ಖಾನಾಪುರ, ಬೈಲಹೊಂಗಲಗಳಿಂದ ದಿನವೂ ಪಾಸಿನ ಮೇಲೆ ಬಸ್ಸಿನಲ್ಲಿ ಓಡಾಡುವವರು ಪ್ರಯಾಣದ ಸಮಯವನ್ನು ಓದಿನ ಲೆಕ್ಕಕ್ಕೆ ಸೇರಿಸದಿರುವುದೇ ಸರಿ. ನಿಂತುಕೊಂಡು ಬರುವಾಗ ಸೂತ್ರ, ವ್ಯಾಖ್ಯೆಗಳನ್ನು ಮೆಲುಕು ಹಾಕಬಹುದೇ ಹೊರತು ಲೆಕ್ಕ ಬಿಡಿಸಲಾಗುವುದಿಲ್ಲ. ತರಗತಿ ಮುಗಿದ ಕೂಡಲೇ ಬಸ್ ನಿಲ್ದಾಣಕ್ಕೆ ಓಡುವ ಬದಲು ಒಂದು ತಾಸು ಗ್ರಂಥಾಲಯದಲ್ಲಿ ಕುಳಿತು ಅಂದಿನ ಲೆಕ್ಕಗಳನ್ನು ಬಿಡಿಸಿ ಮುಂದಿನ ಬಸ್ಸು ಹಿಡಿಯುವವರಿಗೆ ಮನೆಯಲ್ಲಿ ಓದಬೇಕಾದದ್ದು ಅರ್ಧಕ್ಕೆ ಇಳಿಯುತ್ತದೆ.

ಹಳೆಯ ಬ್ಯಾಕ್ (ಹಿಂದಿನ ಸೆಮಿಸ್ಟರಿನಲ್ಲಿ ಪಾಸಾಗದೆ ಉಳಿದ ವಿಷಯ) ಇದ್ದವರು ಅದರ ಐದು ಮಾಡ್ಯೂಲುಗಳನ್ನೂ ಆರಂಭದಲ್ಲೇ 25ಕ್ಕೆ ಸೇರಿಸಿ ಎಣಿಸಬೇಕು.

ಪರೀಕ್ಷೆಗೆ ಮುಂಚಿನ ರಜೆಯ ದಿನಗಳು ಹಳೆಯ ಪ್ರಶ್ನೆಪತ್ರಿಕೆಗಳಿಗೆ ಮೀಸಲು. ಪ್ರತಿ ಮಾಡ್ಯೂಲಿನಿಂದ 20 ಅಂಕಗಳ ಎರಡು ಪ್ರಶ್ನೆ ಬರುತ್ತವೆ, ಒಂದನ್ನು ಪೂರ್ತಿ ಬರೆಯಬೇಕು. ಒಂದು ಮಾಡ್ಯೂಲನ್ನೇ ಬಿಟ್ಟರೆ 20 ಅಂಕ ಹೋಗುತ್ತದೆ. ಐದನ್ನೂ ಅಷ್ಟಿಷ್ಟು ಓದಿ ಯಾವುದನ್ನೂ ಪೂರ್ತಿ ಬರೆಯಲಾಗದಿದ್ದರೆ ಅದಕ್ಕಿಂತ ಹೆಚ್ಚು ಹೋಗಬಹುದು. ಮೂರು ತಾಸನ್ನು ಐದಕ್ಕೆ ಹಂಚಿದರೆ ಒಂದಕ್ಕೆ 36 ನಿಮಿಷ. ಗಡಿಯಾರ ಎದುರಿಗಿಟ್ಟು ವಿಷಯಕ್ಕೊಂದು ಪತ್ರಿಕೆಯನ್ನಾದರೂ ಪೂರ್ತಿ ಬರೆದು ನೋಡಿದರೆ ಎಲ್ಲಿ ಹೊತ್ತು ಹೋಗುತ್ತದೆಂಬುದು ಪರೀಕ್ಷೆಗೆ ಮೊದಲೇ ತಿಳಿಯುತ್ತದೆ.